ಹಂದರದ ಕೊನೆಯ ಸಾಲಿನ ಭೀಮಶ್ಯಾ ಮಾಮಾ

ಕೊರಳಿಗೆ ಬಿದ್ದ ಮಾಲೆಯನ್ನು ತೆಗೆದು ಟೇಬಲ್ಲಿನ ಮೇಲೆ ಇಡಬೇಕೋ, ಫೋಟೋ ಆಗುವ ತನಕ ಇರಲಿ ಎಂದು ಬಿಡಬೇಕೋ ಎಂಬ ಗಹನವಾದ ಚಿಂತನೆಯಲ್ಲಿ ತೊಡಗಿರುವ ಸನ್ಮಾನ್ಯ ಅಧ್ಯಕ್ಷರಾದ ಶ್ರೀ ಶ್ರೀಶೈಲಪ್ಪ ಹತ್ತಳ್ಳಿಯವರೇ, ಇಂದು ಸನ್ಮಾನಗೊಳ್ಳುತ್ತಿರುವ ವಕೀಲರಾದ ಶ್ರೀಮತಿ ವಿಜಯಲಕ್ಷ್ಮಿ ಝಳಕಿಯವರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮುದ್ರಣಾಲಯಗಳ ಮಾಲೀಕ ಬಾಂಧವರೇ, ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಅಡಿಗೆಮನೆಯ ಕಡೆಗೇ ಮುಖ ಮಾಡಿರುವ ಪ್ರಾಮಾಣಿಕ ಸಭಿಕರೇ,

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ನನಗೆ ಒಂದು ವಿಷಯ ಕೊಟ್ಟಿದ್ದಾರೆ. ಕಾರ್ಯದರ್ಶಿಗಳಾದ ಬಾಗೇವಾಡಿಯ ಬಂದೇನವಾಜ ಸಾಹೇಬರು ನಿನ್ನೆ ಫೋನ್ ಮಾಡಿ ಹೇಳಿದರು: "ಸಂಗು, ಸಾಫ್ಟವೇರ್ ಕಳುವು ತಡಿಯಾಕ ವ್ಯಾಪಾರಸ್ಥರಿಗೆ ಕಾನೂನಿನಾಗ ಏನೇನ್ ದಾರಿ ಅದಾವು, ಅದನ್ನ ಹೇಳು. ಆದ್ರ ಯಾರ ಹೆಸರೂ ತಗೀಬ್ಯಾಡ." ನಾನು ಒಪ್ಪಿಕೊಂಡೆ. ಆದ್ದರಿಂದ ಈ ಭಾಷಣದಲ್ಲಿ ನಾನು ಯಾರ ಹೆಸರನ್ನೂ ತೆಗೆಯುವುದಿಲ್ಲ. ಕಳುವು ಮಾಡಿದವರನ್ನು ಕೇವಲ "ನಮ್ಮ ಸನ್ಮಾನ್ಯ ಅಧ್ಯಕ್ಷರು" ಎಂದಷ್ಟೇ ಕರೆಯುತ್ತೇನೆ.

ನಗಬೇಡಿ. ಅವರೇ ನಗುತ್ತಿದ್ದಾರೆ, ಅದು ಸಾಕು.

ಮಹನೀಯರೇ, ನಾನು ಯಾರು? ಅಗರಖೇಡದ ಕುರಿಗಾರರ ಮನೆತನದವನು. ನನ್ನಕ್ಕ ರೇಣುಕಾ ಮತ್ತು ನಾನು ಕೂಡಿ ಇಂಡಿಯ ಬಸ್ ನಿಲ್ದಾಣದ ಹಿಂದೆ, ಪಂಕ್ಚರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಒಂದು ಕೋಣೆ ಹಿಡಿದು "ಹಂದರ" ಎಂಬ ತಂತ್ರಾಂಶ ತಯಾರಿಸಿದೆವು. ಲಗ್ನಪತ್ರಿಕೆ ಮಾಡಿಕೊಡುವ ತಂತ್ರಾಂಶ. ವಧು ಯಾರು, ವರ ಯಾರು, ಮುಹೂರ್ತ ಯಾವಾಗ ಎಂದು ಕೇಳುತ್ತದೆ. ನೀವು ಹೇಳುತ್ತ ಹೋದರೆ ಮೇಲೆ ಕುಲದೇವರು, ನಡುವೆ ದಂಪತಿಗಳು, ಕೆಳಗೆ ಸುಖಾಗಮನ ಬಯಸುವವರು, ಎಲ್ಲರೂ ಜಗಳವಿಲ್ಲದೆ ತಮ್ಮತಮ್ಮ ಜಾಗದಲ್ಲಿ ಬಂದು ಕೂಡುತ್ತಾರೆ. ನಿಜವಾದ ಹಂದರದಲ್ಲಿ ಇದು ಎಂದಾದರೂ ಸಾಧ್ಯವಾಗಿದೆಯೇ?

ಒಳಗಿನ ಪ್ರೋಗ್ರಾಮು ಬರೆಯುವ ಕೆಲಸ ನನ್ನದು. ಅಕ್ಷರ ಮಾತ್ರ ಅಕ್ಕನವು. ಒಂದೊಂದು ಅಕ್ಷರವನ್ನೂ ಹಾಳೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಕಂಪ್ಯೂಟರಿಗೆ ಇಳಿಸಿದಳು. ಎರಡು ಮಳೆಗಾಲ ಅವಳು ಕನ್ನಡದ "ಳ" ಜೊತೆಗೆ ಸಂಸಾರ ಮಾಡಿದ್ದಾಳೆ. ನಮ್ಮಪ್ಪ ಸಿದ್ದರಾಯ ಒಂದೇ ಮಾತು ಹೇಳಿದ್ದ: "ದೀಪಾವಳಿ ತನಕಾ ನೋಡ್ರಿ. ಅಂಗಡಿ ನಡೀತೋ, ಛಲೋ ಆತು. ನಡೀಲಿಲ್ಲೋ, ಶಟರ್ ಎಳದು ಇಬ್ಬರೂ ಊರಿಗೆ ಬರ್ರಿ." ದೀಪಾವಳಿಗೆ ಇನ್ನೂ ಬಹಳ ದಿನವಿತ್ತು. ಲಗ್ನದ ಸುಗ್ಗಿ ಎದುರಿಗೇ ಇತ್ತು. ನಾವು ಹೆದರಲಿಲ್ಲ.

ಮೊದಲ ಪ್ರತಿಯನ್ನು ಕೊಂಡವರು ನಮ್ಮ ಸನ್ಮಾನ್ಯ ಅಧ್ಯಕ್ಷರು. ಅವರಿಗೆ ನಾನು ಚಿರಋಣಿ. ಎರಡನೆಯ ಪ್ರತಿಯನ್ನು ಕೊಂಡವರು ಯಾರು? ಯಾರೂ ಇಲ್ಲ. ಮೂರನೆಯದನ್ನು? ಅವರೂ ಇಲ್ಲ. ಲಗ್ನದ ಸುಗ್ಗಿ ಬಂತು, ನಾಲ್ಕು ತಾಲೂಕುಗಳಲ್ಲಿ ಬ್ಯಾಂಡು ಮೊಳಗಿತು, ನಾವು ಮಾತ್ರ ಪಂಕ್ಚರ್ ಅಂಗಡಿಯ ಹುಡುಗರ ಜೊತೆ ಚಹಾ ಕುಡಿಯುತ್ತ ಕುಳಿತೆವು.

ಆಗ ಸಿಂದಗಿಯಲ್ಲಿ ನಮ್ಮ ಗೆಳೆಯನೊಬ್ಬನ ಲಗ್ನ. ಹೋದೆವು. ಊಟಕ್ಕೆ ಕುಳಿತಾಗ ಅಕ್ಕ ಪಕ್ಕದವರ ಕೈಯಲ್ಲಿದ್ದ ಪತ್ರಿಕೆ ತೆಗೆದುಕೊಂಡು ನೋಡಿದಳು. ಅವಳ ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗಲಿಲ್ಲ. "ಸಂಗು, ಇದು ನನ್ನ ಳ," ಎಂದಳು. ಹೆತ್ತ ತಾಯಿ ಜಾತ್ರೆಯಲ್ಲಿ ಕಳೆದ ಮಗುವನ್ನು ಗುರುತಿಸಿದ ಹಾಗೆ. ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದಳು: "ನನ್ನ ಅಕ್ಷರ ಊರೂರು ತಿರಗಾಕತ್ತಾವು. ನಾ ಮಾತ್ರ ಗಿರಣಿ ಬಾಜೂಕ ಧೂಳ ತಿಂತ ಕುಂತೇನಿ."

ವಿಚಾರಿಸಿದೆವು. ನಮ್ಮ ಸನ್ಮಾನ್ಯ ಅಧ್ಯಕ್ಷರು ಮುದ್ರಣಾಲಯದ ಜೊತೆಗೆ ಖಾಲಿ ಲಗ್ನಪತ್ರಿಕೆಗಳ ಸಗಟು ವ್ಯಾಪಾರವನ್ನೂ ಮಾಡುತ್ತಾರೆಂಬುದು ತಮಗೆ ತಿಳಿದಿದೆ. ಅವರ ಅಂಗಡಿಯಲ್ಲಿ ಗಣಪತಿಯ ಪತ್ರಿಕೆಯ ಎರಡು ಪೆಟ್ಟಿಗೆ ಒಯ್ದವರಿಗೆ "ಹಂದರ"ದ ಫ್ಲಾಪಿಗಳು ಪುಕ್ಕಟೆ! ಬಾಳೆಹಣ್ಣಿನ ಜೊತೆ ಎಲೆ ಕೊಟ್ಟ ಹಾಗೆ. ಈ ಸಭೆಯಲ್ಲಿ ಆ ಫ್ಲಾಪಿ ಒಯ್ಯದವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ.

ಒಂದೂ ಕೈ ಇಲ್ಲ. ತಮ್ಮ ಈ ಸತ್ಯನಿಷ್ಠೆಗೆ ವಂದಿಸುತ್ತೇನೆ.

ನಾನು ಅವರ ಅಂಗಡಿಗೆ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿ ಹಾಕಿಸಿದರು, ಸೋಡಾ ತರಿಸಿದರು. "ತಮ್ಮಾ, ಹೆಪ್ಪು ಕೊಟ್ಟಂಗ ಕೊಟ್ಟೇನಿ. ಬಾಜೂ ಮನಿಯವರು ವಾಟಗಾ ಹಿಡಕೊಂಡು ಬಂದ್ರ ಹೆಪ್ಪು ಇಲ್ಲ ಅಂತೀರೇನು ನಿಮ್ಮ ಮನಿಯಾಗ? ಹೆಪ್ಪು ಕೊಟ್ಟರ ನಿಮ್ಮ ಗಡಿಗ್ಯಾಗಿನ ಮಸರು ಕಡಿಮಿ ಆಗತೈತೇನು?"

ಸಭಿಕರೇ, ನಾನು ಸೋಡಾ ಕುಡಿದು ಸುಮ್ಮನೆ ಎದ್ದು ಬಂದೆ. ಏಕೆಂದರೆ ಅದಕ್ಕೆ ಉತ್ತರ ನನಗೆ ತಿಳಿಯಲಿಲ್ಲ. ಹೆಪ್ಪು ಕೇಳಿದವರಿಗೆ ಇಲ್ಲ ಎಂದವರು ನಮ್ಮ ನಾಡಿನಲ್ಲಿ ಇದ್ದಾರೆಯೇ?

ಉತ್ತರ ಗೊತ್ತಿದ್ದವರು ವಿಜಯಲಕ್ಷ್ಮಿ ಮೇಡಮ್. ಅವರ ಬಳಿ ನಾನು ಹೋದದ್ದು ಉತ್ತರ ಕೇಳಲಿಕ್ಕಲ್ಲ, ನನ್ನ ಒಂದು ಮಹಾಯೋಜನೆಗೆ ಆಶೀರ್ವಾದ ಬೇಡಲಿಕ್ಕೆ. "ಮೇಡಮ್, ಹೊಸಾ ಫ್ಲಾಪಿ ಮಾಡತೇನ್ರಿ. ಕಳುವಿನ ಕಂಪ್ಯೂಟರಿಗೆ ಹಾಕಿದ ಕೂಡ್ಲೆ ಅದರಾಗಿದ್ದದ್ದೆಲ್ಲಾ ಅಳಿಸಿ ಹೋಗಬೇಕು!" ಅವರು ಕನ್ನಡಕ ತೆಗೆದರು. "ಛಲೋ ಆತು. ಅವರು ನಿನ್ನ ಮ್ಯಾಲ ಕೇಸ್ ಹಾಕ್ತಾರ. ಎರಡು ಸಾವಿರದ ಇಸವಿಯ ಕಂಪ್ಯೂಟರ್ ಕಾಯ್ದೆ ಓದೀಯೇನು? ಮಂದಿ ಕಂಪ್ಯೂಟರಿನಾಗಿಂದು ಅಳಸೂದು ಗುನ್ಹೆ. ಕಳ್ಳನ ಮನಿಗೆ ಬೆಂಕಿ ಹಚ್ಚಿದಾಂವ ಶಾಣ್ಯಾ ಅಲ್ಲೋ, ಅಂವ ಎರಡನೇ ಆರೋಪಿ."

ಇದನ್ನು ಮೊದಲನೆಯ ಕಾನೂನು ಮಾರ್ಗವೆಂದು ದಯವಿಟ್ಟು ಗುರುತು ಹಾಕಿಕೊಳ್ಳಿ: ಬೆಂಕಿ ಹಚ್ಚಬಾರದು.

ಆನಂತರ ಅವರು ನನಗೆ ಹೇಳಿದ ಮಾತು ಕೇಳಿ ನನ್ನ ಎದೆ ಉಬ್ಬಿತು. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ತಂತ್ರಾಂಶವನ್ನು ಯಾವುದರಲ್ಲಿ ಸೇರಿಸಿದ್ದಾರೆ ಗೊತ್ತೇ? ಸಾಹಿತ್ಯ ಕೃತಿಗಳಲ್ಲಿ! ಮಹನೀಯರೇ, ಕಾನೂನಿನ ಪ್ರಕಾರ ತಮ್ಮೆದುರಿಗೆ ನಿಂತಿರುವವನು ಸಾಹಿತಿ. ನಮ್ಮ ತಾಲೂಕಿನ ಹಲಸಂಗಿಯ ಕವಿಗಳು ದೊಡ್ಡ ಮನಸ್ಸು ಮಾಡಿ ಇದನ್ನು ಸಹಿಸಿಕೊಳ್ಳಬೇಕು. ಬರೆದವನಿಗೆ ಬರೆದ ಕ್ಷಣದಿಂದಲೇ ಹಕ್ಕು, ದಿಲ್ಲಿಗೆ ಅರ್ಜಿ ಹಾಕಿ ನೋಂದಾಯಿಸುವುದು ಕಡ್ಡಾಯವಲ್ಲ, ಆದರೆ ನಾಳೆ ಕೋರ್ಟಿನಲ್ಲಿ "ಇದು ನಿನ್ನದೆಂದು ಏನು ಗುರುತು?" ಎಂದಾಗ ಆ ಕಾಗದ ನಿಮ್ಮ ಪರವಾಗಿ ಮಾತಾಡುತ್ತದೆ. ನಾವು ಅರ್ಜಿ ಹಾಕಿದೆವು. ದಾವೆ ಹೂಡಲು ಎದುರಾಳಿಯ ಊರಿಗೇ ಹೋಗಬೇಕೆಂದಿಲ್ಲ, ನಮ್ಮದೇ ಜಿಲ್ಲಾ ನ್ಯಾಯಾಲಯ ಸಾಕು. ಪೊಲೀಸರಿಗೂ ದೂರು ಕೊಡಬಹುದು; ಕಳುವಿನ ಪ್ರತಿಯೆಂದು ತಿಳಿದೂ ಬಳಸಿದವರಿಗೆ ಜೈಲೂ ಇದೆ, ದಂಡವೂ ಇದೆ. ಯಾಕೆ ಎಲ್ಲರೂ ಒಮ್ಮೆಲೇ ನೀರು ಕುಡಿಯುತ್ತಿದ್ದೀರಿ?

ಪೊಲೀಸರ ಹಾದಿಯನ್ನು ಮೇಡಮ್ ಬೇಡವೆಂದರು. "ಇವರನ್ನೆಲ್ಲಾ ಒಳಗ ಹಾಕಿಸಿದ್ರ ನಾಳೆ ನಿಮ್ಮ ಹಂದರ ಕೊಳ್ಳೂರು ಯಾರು? ಗಿರಾಕಿನ್ನ ಗೆಲ್ಲಬೇಕು, ಕೆಡವಬಾರದು." ಆದ್ದರಿಂದ ಮೊದಲು ನೋಟಿಸು. ಆ ನೋಟಿಸನ್ನು ಓದಿ ನಮ್ಮ ಸನ್ಮಾನ್ಯ ಅಧ್ಯಕ್ಷರು ಹೇಳಿದ ಮಾತು ಇತಿಹಾಸದಲ್ಲಿ ಉಳಿಯಬೇಕು: "ಅಕ್ಷರ ಭಾರಿ ಅದಾವಲ್ಲೋ. ಹಂದರದಾಗ ಮಾಡಿದ್ದೇನು?"

ನೋಟಿಸಿಗೆ ಉತ್ತರ ಬರಲಿಲ್ಲ. ವಿಜಾಪುರದ ನ್ಯಾಯಾಲಯದಲ್ಲಿ ದಾವೆ ಹೂಡಿದೆವು. ಅವರ ವಕೀಲರು ಕೇಳಿದರು: "ಅ ಆ ಇ ಈ ಯಾರಪ್ಪನ ಆಸ್ತಿರಿ? ಈ ಪತ್ರಿಕೆಗಳು ನಿಮ್ಮ ತಂತ್ರಾಂಶದಲ್ಲೇ ಆದವೆಂಬುದಕ್ಕೆ ಸಾಕ್ಷಿ ಏನು?" ಅಕ್ಕ "ನನ್ನ ಳ" ಎಂದಳು. ಆದರೆ ನ್ಯಾಯಾಲಯಕ್ಕೆ ತಾಯಿಕರುಳು ಸಾಕ್ಷಿಯಾಗುವುದಿಲ್ಲ. ದೀಪಾವಳಿ ಹತ್ತಿರ ಬಂದಿತ್ತು. ನಮ್ಮಪ್ಪ ಟೆಂಪೋ ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ ಇಟ್ಟಿದ್ದ, ನಮ್ಮ ಟೇಬಲ್ಲು ಕುರ್ಚಿ ಊರಿಗೆ ಒಯ್ಯಲಿಕ್ಕೆ.

ಇಲ್ಲಿ ನಾನು ವಿಷಯಾಂತರ ಮಾಡಬೇಕಾಗಿದೆ. ಕಾರ್ಯದರ್ಶಿಗಳು ಗಡಿಯಾರ ನೋಡಬಾರದು.

ಹಂದರ ತಯಾರಿಸುವಾಗ ನಾನು ಅದರಲ್ಲಿ ಒಂದು ಚೇಷ್ಟೆ ಮಾಡಿ, ನಾನೇ ಮರೆತುಬಿಟ್ಟಿದ್ದೆ; ಸಿಂದಗಿಯ ಪತ್ರಿಕೆಯಲ್ಲೂ ನಾವು ಅಕ್ಷರ ನೋಡಿದೆವೇ ಹೊರತು ಹೆಸರು ಓದಲಿಲ್ಲ. ಕೊಂಡವರಿಗೆ ನಾವು ಒಂದು ಸಂಖ್ಯೆ ಕೊಡುತ್ತೇವೆ, ಆ ಸಂಖ್ಯೆ ಅವರ ಒಂದೇ ಕಂಪ್ಯೂಟರಿಗೆ ಹೊಂದುತ್ತದೆ. ಸಂಖ್ಯೆ ಇಲ್ಲದ ಕಂಪ್ಯೂಟರಿನಲ್ಲೂ ಹಂದರ ನಡೆಯುತ್ತದೆ, ಆದರೆ ಪತ್ರಿಕೆ ಅಚ್ಚಾಗುವಾಗ ಸುಖಾಗಮನ ಬಯಸುವವರ ಸಾಲಿನ ಕಟ್ಟಕಡೆಗೆ, ಪರದೆಯ ಮೇಲೆ ಕಾಣದಿದ್ದ ಒಬ್ಬರು ಬಂದು ಕೂಡುತ್ತಾರೆ: "ಶ್ರೀ ಭೀಮಶ್ಯಾ ಮಾಮಾ, ಅಗರಖೇಡ."

ನಮ್ಮ ಕಡೆಯ ಪತ್ರಿಕೆಯಲ್ಲಿ ಅಷ್ಟೊಂದು ಹೆಸರುಗಳ ಕೊನೆಗೆ ಒಂದು ಹೆಸರು ಹೆಚ್ಚಾದರೆ ಯಾರು ನೋಡುತ್ತಾರೆ? ನೋಡಿದವರೂ ಏನೆಂದುಕೊಳ್ಳುತ್ತಾರೆ? ಹೆಣ್ಣಿನವರು, ಇವರು ಗಂಡಿನ ಕಡೆಯ ಮಾಮಾ ಎಂದುಕೊಂಡರು. ಗಂಡಿನವರು, ಹೆಣ್ಣಿನ ಕಡೆಯ ಮಾಮಾ ಎಂದುಕೊಂಡರು. ಹಾಗಾದರೆ ಒಬ್ಬರನ್ನೊಬ್ಬರು ಕೇಳಬಹುದಿತ್ತಲ್ಲ? ಛೇ ಛೇ! ಬೀಗರ ಮನೆಯ ಹಿರಿಯರನ್ನು "ಇವರು ಯಾರು?" ಎಂದು ಕೇಳುವುದೇ? ಲಗ್ನ ಮುರಿದೀತು!

ಹೆಸರು ಪತ್ರಿಕೆಯಲ್ಲಿ ಬಂದಮೇಲೆ ಆಯೇರಿ, ಅಂದರೆ ಬಟ್ಟೆಯ ಉಡುಗೊರೆ, ಆಗಲೇಬೇಕು. ಎರಡೂ ಕಡೆಯವರು ಮಾಮಾನಿಗೆ ಧೋತರ, ಟಾವೆಲ್, ಟೊಪ್ಪಿಗೆ ತಂದು ಇಟ್ಟುಕೊಂಡರು. ಅಕ್ಷತೆ ಮುಗಿದಮೇಲೆ ಮೈಕಿನಲ್ಲಿ ಕರೆದರು: "ಅಗರಖೇಡದ ಭೀಮಶ್ಯಾ ಮಾಮಾ ಎಲ್ಲಿದ್ದರೂ ಆಯೇರಿಗೆ ಬರಬೇಕು!" ಬರಲಿಲ್ಲ. ಮತ್ತೆ ಕರೆದರು. ಬರಲಿಲ್ಲ. ಬೀಗರು ಪರಸ್ಪರ ಮುಖ ನೋಡಿಕೊಂಡರು. ಕರೆದರೂ ಬಾರದ ಮಾಮಾ ಎಂದರೆ ಏನರ್ಥ? ಮಾಮಾ ಸಿಟ್ಟಾಗಿದ್ದಾನೆ!

ಸಿಟ್ಟಾದ ಮಾಮಾನನ್ನು ಸಮಾಧಾನ ಮಾಡದೆ ಹೊಸ ದಂಪತಿಗಳನ್ನು ಮನೆ ತುಂಬಿಸಿಕೊಳ್ಳುವುದುಂಟೆ? ಸಿಂದಗಿಯವರು ಒಂದು ಜೀಪು ಮಾಡಿಕೊಂಡು ಅಗರಖೇಡಕ್ಕೆ ಹೊರಟರು. ಮುದ್ದೇಬಿಹಾಳದವರು ಬಸ್ಸಿಗೆ. ಬಾಗೇವಾಡಿಯ ಒಂದೇ ಲಗ್ನದವರು ಎರಡು ಸಲ ಬಂದು ಹೋದರಂತೆ, ಒಮ್ಮೆ ಹೆಣ್ಣಿನವರು, ಒಮ್ಮೆ ಗಂಡಿನವರು, ಒಬ್ಬರಿಗೊಬ್ಬರು ತಿಳಿಸದೆ. ಊರ ಅಗಸಿಯಲ್ಲಿ "ಭೀಮಶ್ಯಾ ಮಾಮಾನ ಮನಿ ಯಾವದರಿ?" ಎಂದು ಕೇಳಿದರೆ ಜನ ತೋರಿಸಿದ್ದು ಒಂದೇ ಮನೆ. ನಮ್ಮ ಮನೆ. ನಮ್ಮ ಅಜ್ಜಿ ಶೇವಂತೆವ್ವನ ಮನೆ. ನಾವು ಅವಳಿಗೆ ಆಯಿ ಎನ್ನುತ್ತೇವೆ.

ಭೀಮಶ್ಯಾ ಆಯಿಯ ತಮ್ಮ. ಅವಳ ಲಗ್ನಕ್ಕೆ ಇನ್ನೂ ಒಂದು ವಾರ ಇರುವಾಗ, ಮೀಸೆ ಮೂಡದ ಹುಡುಗ, ಕುರಿ ಹೊಡೆದುಕೊಂಡು ಭೀಮಾನದಿ ದಾಟಿ ಆಚೆ ಹೋದ. "ಅಕ್ಷತಾ ಹೊತ್ತಿಗೆ ಬರ್ತೇನಿ" ಎಂದು ಹೋದವನು ಬರಲಿಲ್ಲ. ಆಮೇಲೂ ಬರಲಿಲ್ಲ. ನಮ್ಮ ಮನೆಗೆ ಯಾವುದೇ ಲಗ್ನಪತ್ರಿಕೆ ಬಂದರೂ ಆಯಿ ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದಳು. ಎಲ್ಲ ಹೆಸರೂ ಕೇಳಿ ಕಡೆಗೆ, "ನಮ್ಮ ಭೀಮಶ್ಯಾಂದು ಐತೇನೋ?" ಎನ್ನುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಸಣ್ಣವನಿದ್ದಾಗಿನಿಂದ ಇಲ್ಲ ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಅದಕ್ಕೆ, ಚೇಷ್ಟೆಗೆ ಒಂದು ಹೆಸರು ಬೇಕಾದಾಗ, ಅದೇ ಹೆಸರು ಬೆರಳಿಗೆ ಬಂತು.

ನಾನು ಕಾನೂನಿನ ಬಗ್ಗೆ ಮಾತಾಡುತ್ತಿದ್ದೆ.

ಆಯಿ ಬಂದ ಬೀಗರಿಗೆಲ್ಲ ಚಹಾ ಮಾಡಿಕೊಟ್ಟಳು. "ಮಾಮಾ ಸಿಟ್ಟಾಗ್ಯಾರೇನ್ರಿ ಆಯಿ?" ಎಂದರೆ "ಇಲ್ರಪ್ಪ, ಅಂವಗ ಸಿಟ್ಟು ಗೊತ್ತಿಲ್ಲ. ಕುರಿ ಹಿಂದ ಹೋಗ್ಯಾನ" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಯೇರಿ ತೆಗೆದುಕೊಂಡಳು, ಪತ್ರಿಕೆಯನ್ನೂ ಕೇಳಿ ಇಸಿದುಕೊಂಡಳು, ಎರಡನ್ನೂ ಟ್ರಂಕಿನಲ್ಲಿಟ್ಟಳು. ನಮಗೆ ಹೇಳಲಿಲ್ಲ. ಟೆಂಪೋ ಬರುತ್ತದೆಂದು ಮನೆಯಲ್ಲಿ ಜಾಗ ಮಾಡುವಾಗ ಅಪ್ಪ ಆ ಟ್ರಂಕನ್ನು ಎತ್ತಲು ಹೋಗಿ, ಏಳದೆ, ತೆಗೆದು ನೋಡಿದ. ಮರುದಿನ ಬೆಳಿಗ್ಗೆ ನಾನು ಮೇಡಮ್ ಮನೆಯ ಬಾಗಿಲಲ್ಲಿದ್ದೆ.

ಪತ್ರಿಕೆಗಳನ್ನು ನೋಡಿ ಮೇಡಮ್ ಮೊದಲು ನಗಲಿಲ್ಲ. "ಹಿಂಗ ಮಂದಿ ಪತ್ರಿಕಾದಾಗ ಹೇಳದ ಕೇಳದ ಹೆಸರು ತುರಕೂದೂ ಸರಿ ಅಲ್ಲ. ಇನ್ನ ಮ್ಯಾಲ ಇಂಥ ಗುರುತು ಹಾಕೂದಿದ್ರ ಕರಾರಿನಾಗ ಮೊದಲ ಬರದು ಹಾಕು." ಆಮೇಲೆ ನಕ್ಕರು. ಬಹಳ ಹೊತ್ತು ನಕ್ಕರು.

ಪ್ರಕರಣವನ್ನು ಲೋಕ ಅದಾಲತಿಗೆ ಕಳಿಸಿದ್ದರು. ಇದನ್ನು ಕೂಡ ಬರೆದುಕೊಳ್ಳಿ, ಇದು ಸಣ್ಣ ವ್ಯಾಪಾರಿಗಳಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ: ಅಲ್ಲಿ ರಾಜಿಯಾದರೆ ಅದೇ ತೀರ್ಪು, ಅದರ ಮೇಲೆ ಅಪೀಲಿಲ್ಲ. ನಡುವೆ ಕುಳಿತಿದ್ದ ನ್ಯಾಯಾಧೀಶರು ಟ್ರಂಕಿನ ಪತ್ರಿಕೆಗಳನ್ನು ಒಂದೊಂದಾಗಿ ನೋಡಿದರು. "ಈ ಮನುಷ್ಯ ಒಂದೇ ದಿನ ಒಂದೇ ಮುಹೂರ್ತಕ್ಕೆ ಸಿಂದಗಿಯಲ್ಲೂ, ಮುದ್ದೇಬಿಹಾಳದಲ್ಲೂ, ಬಾಗೇವಾಡಿಯಲ್ಲೂ ಸುಖಾಗಮನ ಬಯಸಿದ್ದಾನಲ್ಲ!" ಎಂದರು. ಅಧ್ಯಕ್ಷರ ವಕೀಲರು ಎದ್ದು ನಿಂತು, ದೊಡ್ಡ ಬಳಗದ ಮನುಷ್ಯ ಇರಬಹುದು ಎಂದರು. ಮೇಡಮ್ ಸಾಕ್ಷಿಗೆಂದು ಕರೆಸಿದ್ದ ಹೆಣ್ಣಿನ ಕಡೆಯ ಬೀಗರೊಬ್ಬರನ್ನು ಕೇಳಿದರು, "ಇವರು ನಿಮಗ ಏನಾಗಬೇಕು?" ಅವರು ಹೇಳಿದರು, "ಗಂಡಿನವರ ಮಾಮಾರಿ." ಗಂಡಿನವರು ಹಿಂದಿನ ಬೆಂಚಿನಿಂದ ಎದ್ದು, "ಏ, ನಿಮ್ಮಾಂವ ಅಲ್ಲೇನಪಾ ಅಂವ?" ಎಂದರು. ನ್ಯಾಯಾಧೀಶರು ಕರವಸ್ತ್ರ ಮುಖಕ್ಕೆ ಹಿಡಿದುಕೊಂಡರು.

ನಮ್ಮ ಅಧ್ಯಕ್ಷರಿಗೆ ಮಾತ್ರ ಆ ದಿನದವರೆಗೆ ಈ ಮಾಮಾ ಗೊತ್ತೇ ಇರಲಿಲ್ಲ. ಯಾಕೆಂದರೆ ಅವರದು ಕೊಂಡ ಪ್ರತಿ, ಅದರಲ್ಲಿ ಮಾಮಾ ಬರುವುದಿಲ್ಲ. ಆದರೂ ಅವರು ಕೊನೆಯ ಬಾಣ ಬಿಟ್ಟರು: "ಸಾಹೇಬ್ರ, ನಾ ಹೆಪ್ಪು ಕೊಟ್ಟಂಗ ಕೊಟ್ಟೇನ್ರಿ."

ಆಗ ಮೇಡಮ್ ಹೇಳಿದ ಉತ್ತರಕ್ಕಾಗಿಯೇ ಇಂದಿನ ಈ ಶಾಲು, ಈ ಹಣ್ಣಿನ ಬುಟ್ಟಿ. "ಸಾಹುಕಾರ್ರ, ಹೆಪ್ಪು ಬಾಜೂ ಮನೀ ಮಂದಿಗೆ ಕೊಡೂದು ಧರ್ಮ. ಆದ್ರ ಈ ಅಕ್ಕ ತಮ್ಮ ಮಸರು ಮಾರಿ ಹೊಟ್ಟಿ ತುಂಬಸಕೊಳ್ಳೂರು. ಅವರ ಮನೀ ಬಾಗಲಾಗ ನಿಂತ ಗಿರಾಕಿಗೆ ನೀವು ಅವರ ಗಡಿಗಿಂದನ ತಗದು ಹಂಚೀರಿ. ಹಂಚಿ, ನಿಮ್ಮ ಮಾಲು ಮಾರೀರಿ. ಇದಕ್ಕ ಹೆಪ್ಪು ಅಂತಾರೇನ್ರಿ?"

ಶ್ರೀಶೈಲಪ್ಪನವರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಕ್ಷಮಿಸಿ, ಹೆಸರು ಬಂದುಬಿಟ್ಟಿತು. ಆಮೇಲೆ ಅಕ್ಕನ ಕಡೆಗೆ ತಿರುಗಿ, "ತಂಗಿ, ಇಷ್ಟು ನಾ ವಿಚಾರ ಮಾಡಿದ್ದಿಲ್ಲ" ಎಂದರು. ಪುಕ್ಕಟೆ ಕೊಟ್ಟ ಫ್ಲಾಪಿ ಒಯ್ದವರ ಮನೆಗಳಿಗೆ ತಾವೇ ಹೋಗಿ, ಎಲ್ಲರಿಗೂ ಪರವಾನಗಿ ಕೊಳ್ಳಿಸುತ್ತೇನೆಂದು ಬರೆದುಕೊಟ್ಟರು. ಹೋದರು ಕೂಡ. ಬಿಸಿಲಲ್ಲಿ ನಾಲ್ಕು ತಾಲೂಕು ತಿರುಗಿದರು. ಕೊಳ್ಳದವರಿಗೆ ಖಾಲಿ ಪತ್ರಿಕೆ ಕೊಡುವುದಿಲ್ಲ ಎಂದರು. ಅಪ್ಪ ಟೆಂಪೋದವನಿಗೆ ಬೇಡವೆಂದು ಹೇಳಿ ಕಳಿಸಿದ. ನಮ್ಮ ಅಂಗಡಿಯ ಶಟರ್ ದೀಪಾವಳಿಯ ದಿನ ಪೂಜೆಗಾಗಿ ಏರಿತು, ಇಂದಿಗೂ ಏರುತ್ತಿದೆ. ಇದರ ಉಪಕಾರ ಯಾರದು? ಅನ್ನ ಕಸಿದುಕೊಂಡವರೇ ತಿರುಗಿ ಬಡಿಸಲು ನಿಂತದ್ದನ್ನು ತಾವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಇಲ್ಲಿ ಮಾಲೆ ಹಾಕಿಕೊಂಡು ಕುಳಿತಿದ್ದಾರೆ. ಈಗಲಾದರೂ ತೆಗೆದಿಡಿರಿ ಅಣ್ಣಾವ್ರ, ಫೋಟೋ ಆಯಿತು.

ರಾಜಿಯ ದಿನ ಅವರು ಒಂದೇ ಕರಾರು ಹಾಕಿದ್ದರು: "ಆ ಮಾಮಾನ್ನ ತಗೀರಿ. ಮಂದಿ ಅಂಜಾಕತ್ತಾರ." ಮೇಡಮ್, ಪರವಾನಗಿ ಕೊಂಡ ಪ್ರತಿಯಲ್ಲಿ ಹೇಗೂ ಬರುವುದಿಲ್ಲ, ಮುಂದಿನ ಹಂದರದಿಂದ ಪೂರ್ತಿ ತೆಗೆಯುತ್ತೇವೆ ಎಂದರು. ಎಲ್ಲರೂ ಸಹಿ ಮಾಡಿದರು. ಟ್ರಂಕಿನ ಜೊತೆಗೆ ಬಂದು ಮೂಲೆಯಲ್ಲಿ ಕುಳಿತಿದ್ದ ಆಯಿ ನನ್ನ ಅಂಗಿ ಜಗ್ಗಿ ಕೇಳಿದಳು: "ಅಂದ್ರ ಇನ್ನ ಅಂವನ್ನ ಯಾರೂ ಕರಿಯಂಗಿಲ್ಲೇನೋ?"

ಸಣ್ಣ ದನಿಯಲ್ಲೇ ಕೇಳಿದ್ದಳು. ಆದರೆ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ನಾವು ಗೆದ್ದಿದ್ದೆವು, ಸಭಿಕರೇ. ಹೊಸ ಹಂದರದಿಂದ ಆ ಸಾಲನ್ನು ನಾನೇ ಅಳಿಸಿದೆ. ಕಾನೂನು ಎಂದರೆ ಕಾನೂನು. ಒಂದೇ ಸಾಲು. ಅದನ್ನು ಅಳಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಈಗ ತಾವೆಲ್ಲ ಒಂದು ಕೆಲಸ ಮಾಡಬೇಕು. ಇಂದಿನ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ತಮ್ಮ ಕಿಸೆಯಲ್ಲಿದೆ. ತೆಗೆಯಿರಿ. ಗಾಳಿ ಹಾಕಿಕೊಳ್ಳುತ್ತಿರುವವರು ಗಾಳಿ ನಿಲ್ಲಿಸಿ. ಅದನ್ನು ಅಚ್ಚು ಮಾಡಿದವರು ನಮ್ಮ ಸನ್ಮಾನ್ಯ ಅಧ್ಯಕ್ಷರು, ಪರವಾನಗಿ ಕೊಂಡ ಹೊಸ ಹಂದರದಲ್ಲಿ. ಈಗ ಸುಖಾಗಮನ ಬಯಸುವವರ ಕಟ್ಟಕಡೆಯ ಸಾಲು ಓದಿ.

ಇದ್ದಾನೆ, ಅಲ್ಲವೇ?

ನಾನು ಹಾಕಿದ್ದಲ್ಲ. ದೇವರಾಣೆ, ಈ ಸಲ ನನ್ನ ಚೇಷ್ಟೆ ಅಲ್ಲ. ಇಂದು ಮುಂಜಾನೆ ಪತ್ರಿಕೆ ನೋಡಿ ನಾನೇ ಗಾಬರಿಯಾಗಿ ಅವರ ಅಂಗಡಿಗೆ ಓಡಿದೆ, ಯಾರೋ ಮತ್ತೆ ಕಳುವಿನ ಪ್ರತಿ ಬಳಸಿದ್ದಾರೆಂದು. ಅವರು ಕುರ್ಚಿ ಹಾಕಿಸಿದರು, ಸೋಡಾ ತರಿಸಿದರು. "ನನ್ನ ಕೈಲೆ ಟೈಪ್ ಮಾಡಿ ಹಾಕೇನಿ ತಮ್ಮಾ. ಇನ್ನ ಮ್ಯಾಲ ಸಂಘದ ಪ್ರತಿ ಪತ್ರಿಕಾದಾಗ ಇರತೈತಿ. ಕರಿಯೂದಕ್ಕ ಯಾವ ಕಾಯ್ದೆ ಅಡ್ಡ ಬರತೈತಿ?"

ಬಂದೇನವಾಜ ಸಾಹೇಬರೇ, ಕಾನೂನು ಮಾರ್ಗಗಳು ಮುಗಿದವು. ಒಂದು ಪದ್ಧತಿ ಮಾತ್ರ ಉಳಿದಿದೆ. ಪತ್ರಿಕೆಯಲ್ಲಿ ಹೆಸರು ಬಂದಮೇಲೆ ಆಯೇರಿ ಆಗಬೇಕು. ಧೋತರ, ಟಾವೆಲ್, ಟೊಪ್ಪಿಗೆ ಅಧ್ಯಕ್ಷರ ಕುರ್ಚಿಯ ಕೆಳಗೆ ಇವೆ, ನಾನು ಆಗಲೇ ನೋಡಿದ್ದೇನೆ. ಮೈಕು ನನ್ನ ಕೈಯಲ್ಲಿದೆ. ಅಂದಮೇಲೆ ಕರೆಯುವ ಭಾಗ್ಯವೂ ನನ್ನದೇ.

ಅಗರಖೇಡದ ಶ್ರೀ ಭೀಮಶ್ಯಾ ಮಾಮಾ ಎಲ್ಲಿದ್ದರೂ ವೇದಿಕೆಗೆ ಬರಬೇಕು.

ಭೀಮಶ್ಯಾ ಮಾಮಾ, ಎಲ್ಲಿದ್ದರೂ ಬರಬೇಕು.

ಕುರಿ ಹಿಂದೆ ಹೋಗಿದ್ದಾರೆ. ಅವರ ಪರವಾಗಿ, ಮುಂದಿನ ಸಾಲಿನಲ್ಲಿ ಆಗಲೇ ಸೆರಗು ಹೊದ್ದುಕೊಂಡು ಎದ್ದು ನಿಂತಿರುವ ಅವರ ಅಕ್ಕ ಬರುತ್ತಿದ್ದಾರೆ. ರೇಣುಕಾ, ಆಯಿಯ ಕೈ ಹಿಡಿ, ಮೆಟ್ಟಿಲು ಎತ್ತರ ಇದೆ. ದಾರಿ ಬಿಡಿ ಮಹನೀಯರೇ.

ಮೇಡಮ್, ತಮಗೆ ಧನ್ಯವಾದ. ಅಧ್ಯಕ್ಷರೇ, ತಮಗೆ ಧನ್ಯವಾದ. ಇದನ್ನು ಹೇಳುವಾಗ ನಾನು ನಗುತ್ತಿಲ್ಲ. ಇಷ್ಟು ಹೊತ್ತು ಹಸಿವು ತಡೆದುಕೊಂಡ ಸಭೆಗೆ ಧನ್ಯವಾದ. ಆಯಿ ವೇದಿಕೆ ಏರುವ ತನಕ ಚಪ್ಪಾಳೆ ನಿಲ್ಲಿಸಬೇಡಿ, ನನ್ನ ಮಾತು ನಾನೇ ನಿಲ್ಲಿಸುತ್ತೇನೆ. ನಾಲ್ಕೂ ತಾಲೂಕಿಗೆ, ಭೀಮೆಯ ಈ ದಂಡೆಗೆ, ಮತ್ತು ಆಚೆಯ ದಂಡೆಗೂ, ನಮಸ್ಕಾರ.